ಬೆಳಗಿನ ಐದರ ಗಾಂಧಾರ

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ವೀಣೆಯ ಸೀನಿಯರ್ ಪರೀಕ್ಷೆಗೆ ಕೂರಬೇಕೆಂದಿದ್ದೆ. ಕೂರಲಿಲ್ಲ. ಯಾಕೆಂದು ನಡೆದ ಕ್ರಮದಲ್ಲೇ ಬರೆಯಲು ನೋಡುತ್ತೇನೆ. ಹಲವು ಸಲ ಬೇರೆಯವರಿಗೆ ಹೇಳಹೊರಟಾಗ ಅದು ತಮಾಷೆಯಂತೆ ಕೇಳಿಸಿದೆ. ನನಗೆ ತಮಾಷೆಯಲ್ಲ.

ಜೂನಿಯರ್ ಪರೀಕ್ಷೆ ಮದುವೆಗೆ ಮುಂಚೆಯೇ ಆಗಿತ್ತು. ಆಮೇಲೆ ಇಪ್ಪತ್ತು ವರ್ಷ ವೀಣೆ ಗವಸಿನೊಳಗೇ ಇತ್ತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮತ್ತೆ ತೆಗೆದೆ. ಶಿವಮೊಗ್ಗದಲ್ಲಿ ಒಬ್ಬ ವಯಸ್ಸಾದ ಟೀಚರ್ ಸಿಕ್ಕರು. ಪ್ರತಿ ಭಾನುವಾರ ಭದ್ರಾವತಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ವೀಣೆ ಹೊತ್ತು ಬಸ್ಸು ಹತ್ತಲಾಗದು, ಆದ್ದರಿಂದ ಅವರ ಮನೆಯ ಎರಡನೆಯ ವೀಣೆಯಲ್ಲಿ ಪಾಠ, ನನ್ನ ವೀಣೆಯಲ್ಲಿ ಅಭ್ಯಾಸ. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಟೀಚರ್ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ನೋಡಲು ಹೋದಾಗ ಮಲಗಿದ್ದಲ್ಲಿಂದಲೇ ಹೇಳಿದರು: "ಪಾಠ ಸಾಕು ಕಣೇ ನಿಂಗೆ. ಇನ್ನು ಸಾಧನೆ. ಒಂದು ದಿನಾನೂ ಬಿಡಬೇಡ. ನಾನು ಎದ್ದು ಕೂತ ಮೇಲೆ ಕೇಳ್ತೀನಿ. ಸರಿ ಇದ್ರೆ ಆ ವರ್ಷಾನೇ ಅರ್ಜಿ ಹಾಕು."

ನಾನು ಬಿಡಲಿಲ್ಲ. ಎರಡೂವರೆ ವರ್ಷ, ಬೆಳಗಿನ ಐದರಿಂದ ಆರರವರೆಗೆ, ಓಲ್ಡ್ ಟೌನಿನ ನಮ್ಮ ಮನೆಯ ನಡುಕೋಣೆಯಲ್ಲಿ ಕೂತೆ. ಜ್ವರ ಬಂದಾಗ ಕಂಬಳಿ ಹೊದ್ದು ಕೂತೆ. ಮೊಬೈಲಿನಲ್ಲಿ ಶ್ರುತಿ ಹಾಕಿ, ತಂತಿಗಳನ್ನು ಸೇರಿಸಿ, ಮೊದಲು ಸರಳೆ, ಜಂಟಿ, ಆಮೇಲೆ ವರ್ಣ. ಇಷ್ಟು ವರ್ಷದಲ್ಲಿ ಮನೆಯಲ್ಲಿ ಯಾರೂ ಹೇಳದೆ, ಯಾರಿಗೂ ಬೇಕಿಲ್ಲದೆ, ನಾನಾಗಿ ಬಿಡದೆ ಮಾಡಿದ ಕೆಲಸ ಇದೊಂದೇ.

ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ಲೇತಿನಿಂದ ಬಂದ ಬಿಡಿಭಾಗಗಳನ್ನು ಗೇಜ್ ಹಾಕಿ ಅಳೆಯುವುದು, ಹೊಂದದಿದ್ದನ್ನು ಕೆಂಪು ಟ್ರೇಗೆ ಹಾಕುವುದು. ಬಸ್ಸಿನಲ್ಲಿ ದಿನಾ ಜೊತೆಗೆ ಬರುವ ಪ್ಯಾಕಿಂಗಿನವಳಿಗೆ ನನ್ನ ಬೆರಳ ತುದಿಯ ಕಪ್ಪು ಗೆರೆಗಳು ಕಂಡವು.

"ಏನ್ ಮಾರಾಯ್ತಿ ಇದು, ತೆಂಗಿನಕಾಯಿ ತುರಿಯೋಕೆ ಹೋಗಿ ಕೈ ತುರ್ಕೊಂಡ್ಯಾ?"

"ವೀಣೆ ತಂತಿ. ಸೀನಿಯರ್ ಪರೀಕ್ಷೆಗೆ ಕೂರ್ಬೇಕು ಅಂತಿದ್ದೀನಿ."

"ಈ ವಯಸ್ಸಲ್ಲಿ ಪರೀಕ್ಷೆ ಪಾಸ್ ಮಾಡಿ ಯಾವ ಆಫೀಸಿಗೆ ಸೇರ್ತೀಯ? ಬೆಳಿಗ್ಗೆ ಐದಕ್ಕೆ ಎದ್ದು ನಿದ್ದೆ ಮಾಡು ಮಾರಾಯ್ತಿ, ಅದೂ ಸಾಧನೇನೇ."

ನಕ್ಕೆವು. ಆದರೆ ಒಳಗೊಳಗೇ ಒಂದು ಹೆಮ್ಮೆ ಇತ್ತು. ಅದನ್ನೂ ಬರೆಯಬೇಕು.

ಇನ್ನೊಂದನ್ನೂ ಬರೆಯಬೇಕು. ಮೊದಲ ವರ್ಷದ ದಸರಾ ಮುಗಿದ ಮೇಲೆ, ಒಂದು ಬೆಳಿಗ್ಗೆ, ಗಾಂಧಾರ ಕಹಿಯಾಗಿ ಕೇಳಿಸಿತು. ಎಷ್ಟು ಎಂದರೆ ಹೇಳಲಾಗದು. ಉಪ್ಪು ಒಂದು ಹರಳು ಹೆಚ್ಚಾದಷ್ಟು. ಬೆರಳಿನ ತಪ್ಪು ಎಂದುಕೊಂಡೆ. ಒತ್ತು ಸಾಲದು ಎಂದು ಇನ್ನೂ ಗಟ್ಟಿಯಾಗಿ ಒತ್ತಿದೆ. ಹದಿನೈದು ದಿನ ಐದಕ್ಕೆ ಬದಲು ನಾಲ್ಕೂವರೆಗೇ ಎದ್ದು ಆ ಒಂದು ಸ್ವರವನ್ನೇ ನುಡಿಸಿದೆ. ನಂತರ ಕಹಿ ಹೋಯಿತು. ತಿದ್ದಿಕೊಂಡೆ ಎಂದು ಸಂತೋಷಪಟ್ಟೆ.

ಕಳೆದ ಬೇಸಿಗೆಯಲ್ಲಿ ಟೀಚರ್ ಫೋನು ಮಾಡಿದರು. ವಾಕರ್ ಹಿಡಿದು ನಡೆಯುತ್ತಿದ್ದೇನೆ, ಬಾ, ಎಂದರು. ಭಾನುವಾರ ಹೋದೆ. ಹಳೆಯ ಚಾಪೆ, ಅದೇ ಎರಡನೆಯ ವೀಣೆ. ಅವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು.

"ವರ್ಣ ಆಮೇಲೆ. ಮೊದಲು ಸರಳೆ ನುಡ್ಸು."

ಸ, ರಿ, ಗ. ಅಲ್ಲಿಗೆ ನಿಂತೆ. ಗಾಂಧಾರ ಕೆಳಗೆ ಬಿದ್ದಂತಿತ್ತು. ಮತ್ತೆ ನುಡಿಸಿದೆ. ಮತ್ತೆ ಹಾಗೆಯೇ. ನನಗೆ ಗೊತ್ತಿಲ್ಲದೆಯೇ ಬೆರಳು ತಂತಿಯನ್ನು ಸ್ವಲ್ಪ ಎಳೆದು ಅದನ್ನು ಮೇಲೆತ್ತಿತು. ಮುಂದೆ ಹೋದೆ. ಪಂಚಮ ದಾಟಿದ ಮೇಲೆ ಧೈವತವೂ ಹಾಗೆಯೇ ಬಿದ್ದಿತ್ತು. ಅದನ್ನೂ ಎಳೆದೆ. ಟೀಚರ್ ಕಣ್ಣು ತೆರೆದದ್ದು ಕಂಡಿತು. ಅವರ ವೀಣೆಯನ್ನು ಎರಡೂವರೆ ವರ್ಷ ಯಾರೂ ಮುಟ್ಟಿಲ್ಲವಲ್ಲ, ತಂತಿಯ ಕೆಳಗಿನ ಹಿತ್ತಾಳೆ ಮೆಟ್ಟಿಲುಗಳು ಜಾಗ ತಪ್ಪಿರಬೇಕು ಎಂದುಕೊಂಡು ನಾನು ಮರ್ಯಾದೆಯಿಂದಲೇ ಹೇಳಿದೆ:

"ಟೀಚರ್, ನಿಮ್ಮ ವೀಣೆ ಮೇಳ ಯಾಕೋ ಸ್ವಲ್ಪ ತಪ್ಪಿದೆ ಅನ್ಸುತ್ತೆ."

ಅವರು ಮೆಲ್ಲನೆ, "ಮೇಳ ಹೋದ ತಿಂಗಳು ಕಟ್ಸಿದ್ದೀನಿ ಕಣಮ್ಮ. ನೀನು ಬರ್ತೀಯ ಅಂತಲೇ," ಎಂದರು.

ಆಮೇಲೆ ಅವರೇ ಗಾಂಧಾರವನ್ನು ಹಾಡಿದರು. ದನಿ ನಡುಗುತ್ತಿತ್ತು, ಸ್ವರ ನಡುಗಲಿಲ್ಲ. ಅದು ನಾನು ಮೀಟಿದ ಮೆಟ್ಟಿಲ ಮೇಲೆ ಸರಿಯಾಗಿ ಕೂತಿತು. ನನ್ನ ಕಿವಿಗೆ ಅವರ ದನಿ, ವೀಣೆ ಎರಡೂ ತಪ್ಪಾಗಿ ಕೇಳಿಸಿದವು.

"ನವರಾತ್ರೀಲಿ ನಿನ್ನ ವೀಣೆ ಎಲ್ಲಿಡ್ತೀಯ?" ಎಂದು ಕೇಳಿದರು.

ದೇವರ ಮುಂದೆ, ಎಂದೆ. ಎಲ್ಲರ ಮನೆಯಂತೆ ನಮ್ಮಲ್ಲೂ ಮೂಲಾ ನಕ್ಷತ್ರದ ದಿನ ಪುಸ್ತಕ, ವೀಣೆ ಪೂಜೆಗಿಟ್ಟರೆ ವಿಜಯದಶಮಿಯ ಬೆಳಗಿನವರೆಗೆ ಮುಟ್ಟುವಂತಿಲ್ಲ. ನಾನು ಅಭ್ಯಾಸ ಬಿಟ್ಟ ದಿನಗಳೆಂದರೆ ಅವಷ್ಟೇ.

"ನಂದಾದೀಪ ಎಷ್ಟು ದೂರ?"

ಕೈ ಅಗಲಿಸಿ ತೋರಿಸಿದೆ. ಒಂದು ಗೇಣು. ನಮ್ಮ ದೇವರ ಮೂಲೆ ಇಕ್ಕಟ್ಟು. ಅಲ್ಲದೆ ದೀಪ ವೀಣೆಗೆ ಹತ್ತಿರವಿದ್ದಷ್ಟೂ ಒಳ್ಳೆಯದೆಂದು ನಾನೇ ಅದನ್ನು ಸರಿಸಿ ಇಟ್ಟಿದ್ದೆ. ಎರಡು ಬತ್ತಿಯ ದೊಡ್ಡ ದೀಪ, ಹಗಲೂ ರಾತ್ರಿ.

"ಮೆಟ್ಟಿಲು ಕೂತಿರೋದು ಮೇಣದ ಮೇಲೆ ಕಣೇ," ಎಂದರು ಟೀಚರ್. ಇನ್ನೇನೂ ವಿವರಿಸಬೇಕಿರಲಿಲ್ಲ.

ಆ ಸಂಜೆ ಮನೆಯಲ್ಲಿ ವೀಣೆಯನ್ನು ಮಡಿಲ ಮೇಲೆ ಮಲಗಿಸಿ, ಕಾರ್ಖಾನೆಯಲ್ಲಿ ಮಾಡುವಂತೆ, ಒಂದೊಂದೇ ಮೆಟ್ಟಿಲನ್ನು ನೋಡಿದೆ. ದೀಪದ ಕಡೆಗಿದ್ದ ಮೇಣದ ಅಂಚು ಮೆತ್ತಗಾಗಿ ಇಳಿದು ಗಟ್ಟಿಯಾಗಿತ್ತು. ಕೆಲವು ಹಿತ್ತಾಳೆ ಮೆಟ್ಟಿಲುಗಳು ಕೊಡದ ಮೇಲೆ ತಂತಿಗಳನ್ನು ಹೊತ್ತ ಕುದುರೆಯ ಕಡೆಗೆ ವಾಲಿದ್ದವು, ಒಂದು ಕೂದಲಿನಷ್ಟು. ಮೊಬೈಲಿನಲ್ಲಿ ಶ್ರುತಿ ತೋರಿಸುವ ಮುಳ್ಳು ಇದ್ದದ್ದು ನನಗೆ ಗೊತ್ತಿತ್ತು; ಬಿಡಿ ತಂತಿಗಳನ್ನು ಅದರಲ್ಲೇ ಸೇರಿಸುತ್ತಿದ್ದೆ. ಮೆಟ್ಟಿಲಿಗೆ ಹಿಡಿದು ನೋಡಿರಲಿಲ್ಲ. ಈಗ ಹಿಡಿದೆ. ಗಾಂಧಾರಕ್ಕೆ ಬಂದಾಗ ಮುಳ್ಳು ನಡುವಿನ ಗೆರೆ ದಾಟಿ ಹೋಯಿತು. ವಾಲಿದ್ದಕ್ಕೆ ದೀಪ ಕಾರಣ. ಇನ್ನೂ ವಾಲುವಂತೆ ದಿನಾ ಬೆಳಿಗ್ಗೆ ಗಟ್ಟಿಯಾಗಿ ಒತ್ತಿದ್ದು ನಾನು.

ನಮ್ಮ ಕಾರ್ಖಾನೆಯಲ್ಲಿ ಗೇಜುಗಳನ್ನೂ ವರ್ಷಕ್ಕೊಮ್ಮೆ ಪರೀಕ್ಷೆಗೆ ಕಳಿಸುತ್ತಾರೆ. ಕಳಿಸುವ ಪಟ್ಟಿ ಬರೆಯುವವಳು ನಾನೇ.

ಮೇಳ ಕಟ್ಟುವವರನ್ನು ಟೀಚರೇ ಹುಡುಕಿ ಕೊಟ್ಟರು. ಆಟೋದಲ್ಲಿ ವೀಣೆ ಶಿವಮೊಗ್ಗಕ್ಕೆ ಹೋಗಿ, ಎಂಟು ದಿನದಲ್ಲಿ ಹೊಸ ಮೇಣದೊಂದಿಗೆ ಬಂತು. ವೀಣೆ ರಿಪೇರಿಯಾಯಿತು. ಅರ್ಜಿಯ ಮಾತು ಎತ್ತಿದಾಗ ಟೀಚರ್ ಫೋನಿನಲ್ಲಿ ಹೇಳಿದರು: "ಬೆರಳಾಗಿದ್ರೆ ಆರು ತಿಂಗಳಲ್ಲಿ ತಿದ್ದಬಹುದಿತ್ತು. ಕಿವಿ ಕಷ್ಟ. ಈ ವರ್ಷ ಬೇಡ. ಮುಂದಿನ ವರ್ಷಾನೂ ಹೇಳಕ್ಕಾಗಲ್ಲ ಕಣೇ. ಸದ್ಯಕ್ಕೆ ನುಡಿಸ್ಬೇಡ. ಸುಮ್ನೆ ಕೇಳು."

ನುಡಿಸಬೇಡ ಎಂದರು. ಸೋಮಾರಿಗೆ ಹೇಳುವ ಮಾತಾಗಿದ್ದರೆ ಅವನು ಸಂತೋಷಪಡುತ್ತಿದ್ದ. ದಿನ ಬಿಟ್ಟು ದಿನ ಕೂತಿದ್ದರೆ ನನ್ನ ಕಿವಿ ಅರ್ಧವಷ್ಟೇ ಕೆಡುತ್ತಿತ್ತು. ಬೇಸರಪಟ್ಟು ಬಿಟ್ಟಿದ್ದರೆ ಕೆಡುತ್ತಲೇ ಇರಲಿಲ್ಲ. ಈ ಲೆಕ್ಕವನ್ನು ಎಷ್ಟು ಸಲ ಮಾಡಿದರೂ ಬೇರೆ ಉತ್ತರ ಬರುವುದಿಲ್ಲ.

ಕೇಳುತ್ತೇನೆ. ಐದಕ್ಕೆ ಎಚ್ಚರವಾಗುತ್ತದೆ, ಅದು ತಪ್ಪಿಲ್ಲ. ಶ್ರುತಿ ಹಾಕಿಕೊಂಡು ಗಾಂಧಾರ ಹಾಡಿ ಮುಳ್ಳನ್ನು ನೋಡುತ್ತೇನೆ. ನನಗೆ ಸರಿ ಅನಿಸಿದಾಗ ಅದು ಗೆರೆ ದಾಟಿರುತ್ತದೆ. ಗೆರೆಯ ಮೇಲೆ ನಿಂತಾಗ ನನಗೆ ಹಳಸಿದ ಅನ್ನದ ರುಚಿ. ಹಳೆಯ ಪಾಠಗಳ ಧ್ವನಿಮುದ್ರಣ ಕೇಳಿದರೆ ಟೀಚರ್ ಕೂಡ ತಪ್ಪು ನುಡಿಸುತ್ತಿದ್ದಾರೆ ಅನಿಸುತ್ತದೆ. ಒಂದು ಕಾಲದಲ್ಲಿ ಅದೇ ಪಾಠ ಕೇಳಿ ಬಸ್ಸಿನಲ್ಲಿ ಕಣ್ಣು ತುಂಬಿಕೊಂಡಿದ್ದೆ.

ಈ ಸಲದ ನವರಾತ್ರಿಯಲ್ಲಿ ಯಜಮಾನರು ದೀಪವನ್ನು ಎತ್ತಿ ಕೋಣೆಯ ಆಚೆ ಮೂಲೆಗೆ ಇಟ್ಟರು. "ಇಷ್ಟು ದೂರ ಸಾಕೇನೇ?" ಎಂದರು. ಸಾಕು ಎಂದೆ. ವೀಣೆಯ ಮೇಲೆ ಬೆಳಕು ಅಷ್ಟಾಗಿ ಬೀಳುತ್ತಿರಲಿಲ್ಲ. ಮೊದಲೆಲ್ಲ ಈ ದಿನಗಳಲ್ಲಿ ಬೆರಳು ಚಡಪಡಿಸುತ್ತಿತ್ತು. ಈ ಸಲ ಯಾರೂ ಮುಟ್ಟಬಾರದ ಆ ದಿನಗಳು ಮುಗಿಯದಿದ್ದರೆ ಚೆನ್ನಾಗಿತ್ತು ಎನಿಸಿತು.

ವಿಜಯದಶಮಿಯ ಬೆಳಿಗ್ಗೆ ಪೂಜೆಗಿಟ್ಟದ್ದನ್ನು ಎತ್ತಿ ಸ್ವಲ್ಪವಾದರೂ ನುಡಿಸಬೇಕು. ಅದು ಕ್ರಮ. ಹೂವು ತೆಗೆದು, ಕುಂಕುಮ ಒರೆಸಿ, ಮಡಿಲಿಗೆ ತೆಗೆದುಕೊಂಡೆ. ಸ, ರಿ, ಗ. ಹೊಸ ಮೇಣದ ಮೇಲೆ ಮೆಟ್ಟಿಲು ನೆಟ್ಟಗೆ ನಿಂತಿತ್ತು. ಬೆರಳು ಎಳೆಯಲು ಹೋಯಿತು, ತಡೆದೆ.

ಯಜಮಾನರು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಸರಿ ಬಂತಾ?"

"ನೀವೇ ಹೇಳಿ," ಎಂದೆ.

"ನಂಗೇನ್ ಗೊತ್ತಾಗುತ್ತೆ ಮಾರಾಯ್ತಿ," ಎಂದು ನಕ್ಕರು.

ಒಂದು ಸಲ ಮೀಟಿದ ಸ್ವರ ನಿಧಾನಕ್ಕೆ ಆರಿತು. ಇನ್ನೊಂದು ಸಲ ಮೀಟಲಿಲ್ಲ. ಗವಸು ಹಾಕಿದೆ. ಆಗ ಐದೂಕಾಲು.