ಹನುಮಂತಯ್ಯ ಮತ್ತು ಮುಳ್ಳುಕಟ್ಟೆ ಬಸ್ಸು

ಮುಳ್ಳುಕಟ್ಟೆಯ ಹನುಮಂತಯ್ಯ ಹೋದ ಮಂಗಳವಾರ ತರೀಕೆರೆಯಲ್ಲಿ ತೀರಿಕೊಂಡ. ಎದೆ ನಿಂತಿತು ಎಂದರು. ಐವತ್ತು ತುಂಬಿರಲಿಲ್ಲ.

ಊರಿನಲ್ಲಿ ಅವನನ್ನು ಕಂಡರೆ ಆಗದವರೇ ಹೆಚ್ಚು. ಅಪ್ಪನಿಂದ ಬಂದ ಊರ ಚಾಕರಿಯ ತೋಟಿ ಕೆಲಸಕ್ಕೆ ಕೈಮುಗಿದು ಅಜ್ಜಂಪುರದ ಸ್ಟೇಷನ್ನಿನಲ್ಲಿ ಮೂಟೆ ಹೊರಲು ಹೋದದ್ದು ಮೊದಲ ತಪ್ಪು. ಯಾರೆದುರಿಗೂ ಹೆಗಲ ಮೇಲಿನ ಟವೆಲ್ಲು ಇಳಿಸದೆ ಮಾತಾಡಿದ್ದು ಇನ್ನೊಂದು. ಬಸ್ಸಿನ ವಿಷಯಕ್ಕೆ ಬಾಯಿ ಹಾಕಿದ್ದನ್ನಂತೂ ಅವನು ಸತ್ತ ಮೇಲೂ ಯಾರೂ ಮನ್ನಿಸಿಲ್ಲ.

ಬಸ್ಸು ಬೇಕಾಗಿದ್ದದ್ದು ಅವನ ಹೆಂಡತಿ ಈಶ್ವರಮ್ಮನಿಗೆ. ಅವಳಿಗೆ ಕ್ಷಯ. ವಾರಕ್ಕೆರಡು ಸಲ ತರೀಕೆರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ತಪ್ಪಿದರೆ ರೋಗ ಮತ್ತೆ ಮೇಲೇಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಪ್ಪತ್ತೊಂಬತ್ತರಲ್ಲಿ, ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಹೊರಡುವ ಸರ್ಕಾರಿ ಬಸ್ಸು ಬಂದ ಮೇಲೆ ಅವಳು ಒಂದು ಸೂಜಿಯನ್ನೂ ತಪ್ಪಿಸಿರಲಿಲ್ಲ.

ವರ್ಷ ತುಂಬುವುದರೊಳಗೆ ಡಿಪೋದವರು ಬಂದು, ಕಲೆಕ್ಷನ್ನು ಡೀಸೆಲ್ಲಿಗೂ ಸಾಲುವುದಿಲ್ಲ, ಹೀಗೇ ಆದರೆ ಬಸ್ಸು ನಿಲ್ಲಿಸುತ್ತೇವೆ ಎಂದರು. ಊರು ಗುಡಿಯ ಮುಂದೆ ಸೇರಿತು. ಹನುಮಂತಯ್ಯನ ಕೇರಿಯವರು ಎಂದಿನಂತೆ ಕಟ್ಟೆಯ ಕೆಳಗೆ ನಿಂತರು.

"ಹತ್ತೋರು ಕೊಡ್ಲಿ," ಎಂದರು ಊರಿನ ಯಜಮಾನ ಶಿವಮೂರ್ತಪ್ಪ. ಅವರ ಮನೆಯಲ್ಲಿ ಮೋಟಾರ್ ಸೈಕಲ್ಲಿತ್ತು. "ನಾನು ಆ ಬಸ್ಸಿನ ಮೆಟ್ಲೂ ತುಳಿದಿಲ್ಲ."

"ನೀವು ತುಳೀದಿದ್ರೇನು ಯಜಮಾನ್ರೇ, ನಿಮ್ಮ ಈರುಳ್ಳಿ ಮೂಟೆ ಟಾಪ್ ಮೇಲೆ ಕೂತ್ಕಂಡು ಹೋಗುತ್ತಲ್ಲ," ಎಂದ ಹನುಮಂತಯ್ಯ.

"ನೋಡ್ರಪ್ಪಾ, ಕೆಳಗೆ ನಿಂತೋನು ಲಾಯರ್‌ಗಿರಿ ಮಾಡ್ತಾನೆ!"

"ಸರ್ಕಾರ ಕೊಡ್ಲಿ ಬುಡ್ರಿ," ಎಂದ ದೇವೀರಪ್ಪ, ಅಂಗಡಿಯವನು.

"ಸರ್ಕಾರ ಅಂದ್ರೆ ನಿನ್ನ ಮಾವನ ಮನೆ ಏನ್ಲಾ?" ಎಂದು ಯಜಮಾನರು ಅವನ ಬಾಯಿಯನ್ನೂ ಮುಚ್ಚಿಸಿದರು.

ಕೊನೆಗೆ ಗುಡಿಯ ವಂತಿಗೆಯ ಹಾಗೆಯೇ ಒಂದು ಸರದಿ ಮಾಡಿದರು. ದಿನಾ ಒಂದೊಂದು ಮನೆಯವರು ನಾಲ್ಕಾರು ಟಿಕೆಟ್ಟು ಕೊಳ್ಳುವುದು, ಬಸ್ಸು ಹತ್ತದೆ ಮನೆಗೆ ಹೋಗುವುದು. ಡಿಪೋದ ಲೆಕ್ಕಕ್ಕೆ ಬಸ್ಸು ತುಂಬಿರುತ್ತದೆ. ಕೇರಿಗೂ ಸರದಿ ಬಂತು. ಹನುಮಂತಯ್ಯ ತಕರಾರು ಮಾಡದೆ ಕೊಟ್ಟ.

ಸೀಟು ಖಾಲಿಯಿದ್ದರೂ ಕೇರಿಯವರು ಹಿಂದೆ ನಿಂತೇ ಹೋಗುವುದು ಆ ಬಸ್ಸಿನ ರೂಢಿ. ಶಿವಮೂರ್ತಪ್ಪನವರ ಸರದಿಯ ದಿನ ಅವರು ಟಿಕೆಟ್ಟು ಕೊಂಡು ಕೆಳಗೆ ನಿಂತಿದ್ದರು. ಹನುಮಂತಯ್ಯ ತನ್ನ ದುಡ್ಡಿನಲ್ಲಿ ಎರಡು ಟಿಕೆಟ್ಟು ಪಡೆದು, ಹೆಂಡತಿಯನ್ನು ತೋಳು ಹಿಡಿದು ನಡೆಸಿ, ಮುಂದಿನ ಸೀಟಿನಲ್ಲಿ ಕೂರಿಸಿದ.

"ಲೇ, ಏಳ್ಸೋ ಅವಳ್ನ! ಅದು ನಾನು ದುಡ್ಡು ಕೊಟ್ಟ ಸೀಟು."

"ಹಂಗಾದ್ರೆ ಬಂದು ಕೂತ್ಕಳಿ ಯಜಮಾನ್ರೇ. ಪಕ್ಕದಲ್ಲೇ ಜಾಗ ಐತೆ."

ಬಸ್ಸಿನಲ್ಲಿದ್ದ ಒಬ್ಬಿಬ್ಬರು ನಕ್ಕರು. ಕಂಡಕ್ಟರು ರೈಟ್ ಎಂದ.

ಆ ನಗು ಊರಿಗೆ ಅರಗಲಿಲ್ಲ. ಮಾರನೆಯ ದಿನದಿಂದ ಮೇಲಿನ ಬೀದಿಯವರು ಯಾರೂ ಟಿಕೆಟ್ಟು ಕೊಳ್ಳಲಿಲ್ಲ. ತಾವು ಹೋಗುವುದಿದ್ದರೂ ಗಾಡಿ ಕಟ್ಟಿದರು. ಗುಡಿಯ ದೀಪದೆಣ್ಣೆಗೆ ಕೊಡುತ್ತಾರೆ, ಬದುವಿನ ಜಗಳಕ್ಕೆ ವಕೀಲರಿಗೆ ಸುರಿಯುತ್ತಾರೆ. ತಾವು ದುಡ್ಡು ಕೊಟ್ಟ ಸೀಟಿನಲ್ಲಿ ಕೇರಿಯ ಒಬ್ಬ ಕಾಯಿಲೆಯ ಹೆಂಗಸು ಕೂತಳೆಂದು ತಮ್ಮ ಬಸ್ಸನ್ನು ತಾವೇ ಕೊಂದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಬಸ್ಸು ನಿಂತಿತು. ಅವರ ಈರುಳ್ಳಿ ಅಂಗಳದಲ್ಲೇ ಕೊಳೆಯಿತು. ಕೊಳೆಯಲಿ. ಬಸ್ಸು ಹೋದದ್ದು ಹನುಮಂತಯ್ಯನ ದೆಸೆಯಿಂದ ಎಂದು ಸಾರಿಕೊಂಡು ತಿರುಗಿದರು.

ಕೇರಿಯಲ್ಲೂ ಬೈದರು. "ಅವತ್ತು ಹಿಂದೆ ನಿಲ್ಸಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?" ಎಂದು ನೆರೆಮನೆಯ ಗಿಡ್ಡಪ್ಪ ಕೇಳಿದ.

"ಅವಳಿಗೆ ನಿಂತ್ಕಳಕ್ಕಾಗ್ತಿರ್ಲಿಲ್ಲ ಕಣೋ," ಎಂದನಂತೆ ಹನುಮಂತಯ್ಯ.

ಹೋದ ಮಂಗಳವಾರ ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೊರಟ. ದೊಡ್ಡ ರಸ್ತೆಯಲ್ಲಿ ಕೈ ಒಡ್ಡಿದರೂ ಒಂದು ಬಸ್ಸೂ ನಿಲ್ಲಲಿಲ್ಲ. ಏರಿನಲ್ಲಿ ತಳ್ಳಿದ, ಇಳಿಜಾರಿನಲ್ಲಿ ತುಳಿದ. ದಾರಿಯಲ್ಲೊಮ್ಮೆ ಎದೆ ಹಿಡಿದುಕೊಂಡು ಕೂತ.

"ಬ್ಯಾಡ, ವಾಪಸ್ ಹೋಗಾಣ," ಎಂದಳು ಈಶ್ವರಮ್ಮ.

"ಸುಮ್ಕೆ ಹತ್ತೇ."

ಆಸ್ಪತ್ರೆ ಮುಟ್ಟಿದಾಗ ಸೂಜಿಯ ಕೋಣೆ ಮುಚ್ಚುವ ಹೊತ್ತು. "ಟೈಮಾಯ್ತು, ಶುಕ್ರವಾರ ಬನ್ನಿ," ಎಂದು ನರ್ಸು ಬಾಗಿಲು ಎಳೆದುಕೊಂಡರು. ಹನುಮಂತಯ್ಯ ಸಂದಿಗೆ ತೋಳು ತೂರಿಸಿದ. ಮೈಯೆಲ್ಲ ಬೆವರುತ್ತಿತ್ತು. "ಇವಳಿಗೊಂದು ಹಾಕಿ, ಆಮೇಲೆ ಮುಚ್ಕಳಿ," ಎಂದ. ನರ್ಸು ಬೈದರು. ಅವನು ತೋಳು ತೆಗೆಯಲಿಲ್ಲ. ಈಶ್ವರಮ್ಮ ಅದರ ಕೆಳಗೆ ಬಗ್ಗಿ ಒಳಗೆ ಹೋದಳು. ಅವಳು ಸೂಜಿ ಹಾಕಿಸಿಕೊಂಡು ಬರುವವರೆಗೂ ಅವನು ಬಾಗಿಲು ಹಿಡಿದೇ ನಿಂತಿದ್ದ.