ಬಾಣದಕ್ಕನ ಸುಣ್ಣದ ಗೆರೆ

"ಒಂದು ಬಾಗಿಲಿಂದ ಹೊರಗೆ ಬಂದ ಮೇಲೆ ಯಾವ ಕಡೆ ತಿರುಗಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಸರ್?"

ಬಾಣದಕ್ಕ ಹೀಗೆ ಕೇಳಿದ್ದು ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಿತಿಯ ಮೊದಲ ಸಭೆಯಲ್ಲಿ. ಕೇಳಿದ್ದು ಭೂವಿಜ್ಞಾನದ ಮೇಷ್ಟರನ್ನು. ನಕ್ಷೆ ಬರೆಯುವುದನ್ನೂ ಓದುವುದನ್ನೂ ಪಾಠ ಹೇಳುತ್ತಲೇ ತಲೆ ಅರ್ಧ ಬೆಳ್ಳಗಾದವರು ಅವರು. ಗೊತ್ತಿಲ್ಲದ ಬೆಟ್ಟದಲ್ಲಿ ಬಿಟ್ಟು ಬಂದರೂ ಬಂಡೆಯ ಓರೆಯನ್ನೂ ನೆರಳಿನ ಉದ್ದವನ್ನೂ ನೋಡಿ ದಿಕ್ಕು ಹೇಳಬಲ್ಲವರು. ಆದರೆ ತಮ್ಮದೇ ಕೋಣೆಯ ಹೊಸ್ತಿಲು ದಾಟಿದ ಕೂಡಲೇ ಕಾಲು ತಾನಾಗಿ ಎಡಕ್ಕೆ ಹೊರಳುವುದೇಕೆ ಎಂದು ಅವರು ಒಂದು ದಿನವೂ ಯೋಚಿಸಿರಲಿಲ್ಲ.

"ಗೊತ್ತಾಗುತ್ತೆ, ಅಷ್ಟೇ" ಎಂದರು.

"ಅದೇ, ಹೇಗೆ ಅಂತ ಕೇಳಿದ್ದು."

"ಮೇಡಂ, ನಾವು ಬ್ಯಾನರ್ ವಿಷಯ ಮಾತಾಡ್ತಾ ಇದ್ವಿ."

ಬಾಣದಕ್ಕ ತಲೆಯಾಡಿಸಿ ಪೆನ್ನಿನ ಮುಚ್ಚಳ ಹಾಕಿದಳು. ಪ್ರಶ್ನೆ ಅಲ್ಲಿಗೆ ನಿಂತಿತು. ಮೇಷ್ಟರ ತಲೆನೋವು ಅಲ್ಲಿಂದ ಶುರುವಾಯಿತು.

ಸ್ವಾಗತ ಸಮಿತಿ ಎಂಬುದು ಕಾಗದದ ಮೇಲೆ ದೊಡ್ಡ ಬಳಗ. ಹೆಸರು ಹಾಕಿಸಿಕೊಂಡವರೆಲ್ಲ ಫೋಟೋ ತೆಗೆಯುವ ಹೊತ್ತಿಗೆ ಬರುವವರು. ಉಳಿದ ಕಾಲದಲ್ಲಿ ಸಮಿತಿ ಎಂದರೆ ಸಂಚಾಲಕರಾದ ಮೇಷ್ಟರು ಮತ್ತು ವಿದ್ಯಾರ್ಥಿ ಕ್ಷೇಮ ವಿಭಾಗದ ಸೂಪರಿಂಟೆಂಡೆಂಟ್ ಆಗಿದ್ದ ಬಾಣದಕ್ಕ, ಇಬ್ಬರೇ. ಸಂಚಾಲಕ ಪಟ್ಟವನ್ನು ಮೇಷ್ಟರು ಬಯಸಿ ಪಡೆದದ್ದಲ್ಲ. ಕುಲಪತಿಗಳು ಸಭೆಯಲ್ಲಿ ಸುತ್ತ ಕಣ್ಣು ಹಾಯಿಸಿದಾಗ ಎಲ್ಲರೂ ಮೇಜು ನೋಡುತ್ತಿದ್ದರು. ಇವರೊಬ್ಬರು ಕಿಟಕಿ ನೋಡುತ್ತಿದ್ದರು. ಆ ತಪ್ಪಿಗೆ ಶಾಮಿಯಾನದವನ ಜೊತೆ ಚೌಕಾಸಿ, ಮೈಕಿನವನ ಜೊತೆ ಗೋಗರೆತ, ಮುಖ್ಯ ಅತಿಥಿಯ ಆಪ್ತ ಸಹಾಯಕನ ಜೊತೆ ಮುಗಿಯದ ಫೋನು. ಬ್ಯಾನರಿನಲ್ಲಿ ಅತಿಥಿಯ ಪದವಿ ತಪ್ಪಾಗಿ ಅಚ್ಚಾಗಿ, ಅದನ್ನು ತಿದ್ದಿದ ಮೇಲೆ ಕುಲಪತಿಗಳ ಪದವಿ ತಪ್ಪಾಗಿ ಬಂದಿತ್ತು. ಇಷ್ಟೆಲ್ಲದರ ನಡುವೆ ಈಕೆಗೆ ಬಾಗಿಲಿನ ಚಿಂತೆ.

ಆಕೆಗೆ ಬಾಣದಕ್ಕ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಪ್ರತಿ ವರ್ಷ ಸ್ವಾಗತ ದಿನದ ಹಿಂದಿನ ವಾರ ಕೆಂಪು ಕಾಗದದಲ್ಲಿ ಬಾಣಗಳನ್ನು ಕತ್ತರಿಸುತ್ತ ಕೂರುವಳು. ಗೇಟಿನಿಂದ ಸಭಾಂಗಣದವರೆಗೆ, ಸಭಾಂಗಣದಿಂದ ಶೌಚಾಲಯದವರೆಗೆ, ಶೌಚಾಲಯದಿಂದ ಮತ್ತೆ ಸಭಾಂಗಣಕ್ಕೆ, ಕಂಬಕ್ಕೊಂದು, ಮೂಲೆಗೊಂದು, ಮೆಟ್ಟಿಲಿಗೊಂದು ಬಾಣ. ಒಂದು ಬಾಣದ ಬುಡದಲ್ಲಿ ನಿಂತರೆ ಮುಂದಿನ ಬಾಣ ಕಣ್ಣಿಗೆ ಬೀಳಲೇಬೇಕು, ಇಲ್ಲದಿದ್ದರೆ ನಡುವೆ ಇನ್ನೊಂದು. "ಅಕ್ಕಾ, ನನ್ನ ಕುರ್ಚಿಗೂ ಒಂದು ಹಾಕಿಬಿಡಿ, ಊಟ ಮಾಡಿ ಬಂದ ಮೇಲೆ ಸಿಗಲ್ಲ" ಎಂದು ಲೆಕ್ಕಪತ್ರ ವಿಭಾಗದ ಗುಮಾಸ್ತ ಕಾಲೆಳೆಯುತ್ತಿದ್ದ. "ನಿನಗೆ ಬಾಣ ಯಾಕೆ? ನಿಮ್ಮ ವಿಭಾಗದ ಗೊರಕೆ ಇಲ್ಲೀವರೆಗೂ ಕೇಳಿಸುತ್ತಲ್ಲ, ಅದನ್ನ ಹಿಡ್ಕೊಂಡು ಹೋಗು" ಎನ್ನುವಳು ಆಕೆ, ಕತ್ತರಿ ನಿಲ್ಲಿಸದೆ.

ಆಕೆಯ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಿಗ್ಗೆ ಸ್ಕೂಟರಿನಲ್ಲಿ ತಂದು ಗೇಟಿನ ಬಳಿ ಇಳಿಸುವನು. ಸಂಜೆ ಅದೇ ಗೇಟಿನ ಮರದಡಿ ಕಾಯುವನು. ಮಗಳ ಮದುವೆಯಾಗಿ ಮೊಮ್ಮಗ ಬಂದರೂ ಈ ನಿಯಮ ತಪ್ಪಿರಲಿಲ್ಲ. "ನಿಮ್ಮ ಹನಿಮೂನ್ ಯಾವಾಗ ಮುಗಿಯುತ್ತೆ ಅಕ್ಕಾ?" ಎಂದು ಕೇಳಿದರೆ ಆಕೆ ನಾಚುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. "ಅವರಿಗೆ ಬೇರೆ ಕೆಲಸ ಇಲ್ಲ" ಎಂದು ಚೀಲ ಹೆಗಲಿಗೇರಿಸಿ ನಡೆದುಬಿಡುತ್ತಿದ್ದಳು.

ಆ ವರ್ಷ ಎಡವಟ್ಟಾದದ್ದು ಬಣ್ಣದಿಂದ. ಯಾವುದೋ ಪರಿಶೀಲನಾ ತಂಡ ಬರಲಿದೆಯೆಂದು ಇಡೀ ಆವರಣಕ್ಕೆ ಕೆನೆಬಣ್ಣ ಬಳಿಸಿದ್ದರು. ಗೋಡೆಗೆ, ಕಂಬಕ್ಕೆ, ಬಾಗಿಲಿಗೆ ಯಾವ ಕಾಗದವನ್ನೂ ಅಂಟಿಸತಕ್ಕದ್ದಲ್ಲ ಎಂದು ಕುಲಪತಿಗಳ ಆದೇಶವಾಯಿತು. ಮೇಷ್ಟರಿಗೆ ಒಳಗೊಳಗೇ ಖುಷಿ. ಕೆಂಪು ಬಾಣಗಳನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಮುಜುಗರ. ವಿಶ್ವವಿದ್ಯಾಲಯವೋ ಆಸ್ಪತ್ರೆಯೋ ತಿಳಿಯದಂತಾಗುತ್ತಿತ್ತು. ವಾರವಿಡೀ ಕುಳಿತು ಆವರಣದ ನಕ್ಷೆಯೊಂದನ್ನು ಬರೆದರು. ಅಳತೆಗೆ ಸರಿಯಾಗಿ, ಮರಗಳಿಗೆ ಹಸಿರು, ಕಟ್ಟಡಗಳಿಗೆ ಬೂದು, ಮೂಲೆಯಲ್ಲಿ ಉತ್ತರ ದಿಕ್ಕಿನ ಗುರುತು. ಗೇಟಿನಿಂದ ಸಭಾಂಗಣಕ್ಕೆ ಹೋಗುವ ನೇರ ರಸ್ತೆಯನ್ನು ದಪ್ಪ ಗೆರೆಯಲ್ಲಿ ತೋರಿಸಿದ್ದರು. ನಿಜ ಹೇಳಬೇಕೆಂದರೆ ಅದನ್ನು ತೋರಿಸುವ ಅಗತ್ಯವೂ ಇರಲಿಲ್ಲ. ಗೇಟು ದಾಟಿದರೆ ಎದುರಿಗೆ ರಸ್ತೆ, ರಸ್ತೆಯ ತುದಿಗೆ ಸಭಾಂಗಣದ ಗಡಿಯಾರ.

ಅಚ್ಚಾಗಿ ಬಂದ ನಕ್ಷೆಯನ್ನು ಬಾಣದಕ್ಕ ಕೈಗೆತ್ತಿಕೊಂಡು ಒಮ್ಮೆ ತಿರುಗಿಸಿದಳು, ಮತ್ತೊಮ್ಮೆ ತಿರುಗಿಸಿದಳು.

"ಚೆನ್ನಾಗಿದೆ ಸರ್. ಇದರಲ್ಲಿ ನಾನು ಎಲ್ಲಿದ್ದೀನಿ?"

"ಇಲ್ಲಿ. ಆಡಳಿತ ಕಟ್ಟಡ."

"ಅದು ನಿಂತ ಜಾಗ. ಯಾವ ಕಡೆ ಮುಖ ಮಾಡಿದೀನಿ?"

"ನೀವು ಯಾವ ಕಡೆ ಮುಖ ಮಾಡಿದೀರಿ ಅಂತ ನಕ್ಷೆ ಹೇಗೆ ಹೇಳುತ್ತೆ ಮೇಡಂ?"

"ಮತ್ತೆ ಅದನ್ನ ಹಿಡ್ಕೊಂಡು ಮಕ್ಕಳು ಏನು ಮಾಡ್ತಾವೆ?"

ಮೇಷ್ಟರು ಹಲ್ಲು ಕಚ್ಚಿ ನಕ್ಷೆಯನ್ನು ಕಿತ್ತುಕೊಂಡು, ಉತ್ತರದ ಗುರುತನ್ನು ತೋರಿಸಿ, ಸೂರ್ಯನನ್ನು ತೋರಿಸಿ, ಮೊದಲ ವರ್ಷದವರಿಗೆ ಹೇಳುವ ಪಾಠವನ್ನೇ ನಿಧಾನವಾಗಿ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಸಮಾಧಾನದಿಂದಲೇ ಹೇಳಿದಳು.

"ಹೋದ ವರ್ಷ ಮಳೆಗೆ ಒಂದು ಕಡೆಯ ಬಾಣ ಕಿತ್ತು ಬಂದಿತ್ತು. ಒಬ್ಬ ಹುಡುಗಿ ಸಭಾಂಗಣ ಸಿಗದೆ ಸುತ್ತಿ ಸುತ್ತಿ, ಯಾರನ್ನೂ ಕೇಳೋಕೆ ನಾಚಿಕೆಯಾಗಿ, ಬಸ್ಸು ಹತ್ತಿ ಮನೆಗೆ ಹೋಗಿಬಿಟ್ಟಳು. ಅವರಪ್ಪ ಬಂದು ಟಿ.ಸಿ. ತಗೊಂಡು ಹೋದ್ರು. ನಾನೇ ಸಹಿ ಮಾಡಿಸಿದ್ದು. ಈ ಸಲ ಹಾಗೆ ಒಂದು ಮಗೂನೂ ವಾಪಸ್ ಹೋಗಬಾರದು ಸರ್. ನನಗೆ ಬೇರೆ ಏನೂ ಬೇಡ."

"ಎದುರಿಗೆ ಗಡಿಯಾರ ಕಾಣುತ್ತಲ್ಲ ಮೇಡಂ! ಕಣ್ಣಿದ್ದವರಿಗೆ ಸಾಲದಾ?"

"ಕಣ್ಣು ಎಲ್ಲರಿಗೂ ಇರುತ್ತೆ" ಎಂದಳು ಬಾಣದಕ್ಕ. ಹೊರಗೆ ಬಂದ ಮೇಷ್ಟರು ಕಾರಿಡಾರಿನಲ್ಲಿ ಸಿಕ್ಕ ಗುಮಾಸ್ತನ ಮುಂದೆ, "ಕಲ್ಲಿಗಾದರೂ ನಾಲ್ಕು ಏಟು ಹೊಡೆದರೆ ಒಡೆಯುತ್ತಪ್ಪ" ಎಂದು ತಲೆ ಚಚ್ಚಿಕೊಂಡರು.

ಸ್ವಾಗತ ದಿನದ ಹಿಂದಿನ ದಿನ ಮಧ್ಯಾಹ್ನ, ತಿದ್ದಿದ ಬ್ಯಾನರನ್ನು ಕಟ್ಟಿಸಲು ಗೇಟಿನ ಬಳಿ ಬಂದ ಮೇಷ್ಟರಿಗೆ ನೆಲದ ಮೇಲೊಂದು ಬಿಳಿ ಗೆರೆ ಕಾಣಿಸಿತು. ಆಟದ ಮೈದಾನಕ್ಕೆ ಹಾಕುವ ಸುಣ್ಣದ ಗೆರೆ. ಅಗಲವಾಗಿ, ಬೆರಳು ಹಿಡಿದು ನಡೆಸುವಂತೆ ಎಲ್ಲೂ ಕಡಿಯದೆ ಸಾಗಿತ್ತು. ಆದೇಶ ಗೋಡೆಗೆ, ಕಂಬಕ್ಕೆ, ಬಾಗಿಲಿಗೆ ಮಾತ್ರ ಇತ್ತು. ನೆಲದ ಬಗ್ಗೆ ಕುಲಪತಿಗಳು ಚಕಾರ ಎತ್ತಿರಲಿಲ್ಲ.

ಸಿಟ್ಟಿನ ಜೊತೆಗೆ ಸ್ವಲ್ಪ ನಗುವೂ ಬಂತು ಮೇಷ್ಟರಿಗೆ. ಗೆರೆಯ ಹಿಂದೆ ಹೊರಟರು. ಹತ್ತು ಹೆಜ್ಜೆಗೇ ನಗು ಆರಿತು. ಗೆರೆ ನೇರ ರಸ್ತೆಯನ್ನು ಹಿಡಿಯದೆ, ಕಾವಲುಗಾರನ ಗೂಡಿನ ಪಕ್ಕದಲ್ಲಿ ಎಡಕ್ಕೆ ಹೊರಳಿತ್ತು. ಕ್ಯಾಂಟೀನಿನ ಹಿಂಬದಿ, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ. ಅಲ್ಲಿಂದ ವರ್ಕ್‌ಶಾಪಿನ ಮುರಿದ ಬೆಂಚುಗಳ ರಾಶಿ. ನೀರಿನ ಟ್ಯಾಂಕಿನ ಕಾಲುಗಳ ನಡುವೆ ನುಸುಳಿ, ಗ್ರಂಥಾಲಯದ ಬೆನ್ನನ್ನು ಸವರಿಕೊಂಡು, ಕೊನೆಗೆ ಸಭಾಂಗಣದ ಹಿಂದಿನ ಮೆಟ್ಟಿಲಿಗೆ ಬಂದು ಮುಟ್ಟಿತ್ತು. ಮುಂದಿನ ಬಾಗಿಲಿಗೆ ಕಟ್ಟಿಸಿದ್ದ ಹೂವಿನ ಕಮಾನು ಯಾರ ಕಣ್ಣಿಗೂ ಬೀಳದಂತೆ.

ಮೆಟ್ಟಿಲ ಬುಡದಲ್ಲಿ ಮೈದಾನ ನೋಡಿಕೊಳ್ಳುವವನು ಸುಣ್ಣದ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

"ಏನಪ್ಪಾ ಇದು?"

"ಅಕ್ಕ ಮುಂದೆ ನಡೆದ್ರು, ನಾನು ಹಿಂದೆ ಗಾಡಿ ತಳ್ಳಿದೆ. ಸೀದಾ ರಸ್ತೆ ಇದೆಯಲ್ಲಕ್ಕಾ ಅಂದೆ. ಸುಮ್ನೆ ಬಾ ಅಂದ್ರು."

"ಅಳಿಸಿಬಿಡು. ನೇರ ಹಾಕು."

"ಸುಣ್ಣ ಖಾಲಿ ಸರ್. ಅಂತರ ಕಾಲೇಜು ಪಂದ್ಯಕ್ಕೆ ಇಟ್ಟಿದ್ದೂ ಇದಕ್ಕೇ ಹೋಯ್ತು. ಇನ್ನು ಆ ದೈಹಿಕ ಶಿಕ್ಷಣದ ಮೇಷ್ಟ್ರು ನನ್ನ ಚರ್ಮ ಸುಲೀತಾರೆ."

ಮೇಷ್ಟರು ಆ ಮೆಟ್ಟಿಲ ಎದುರಿಗೇ ಇದ್ದ ಆಡಳಿತ ಕಟ್ಟಡಕ್ಕೆ ನುಗ್ಗಿದರು. ಬಾಣದಕ್ಕ ನೀರಿನ ಬಾಟಲಿಗಳನ್ನು ಎಣಿಸುತ್ತಿದ್ದಳು.

"ಮೇಡಂನೋರೆ, ಮೂರು ನಿಮಿಷದ ದಾರಿಗೆ ಹೊಸ ಮಕ್ಕಳನ್ನ ಪಾತ್ರೆ ತೊಳೆಯೋ ಕಡೆಯಿಂದ ಯಾಕೆ ಕರ್ಕೊಂಡು ಹೋಗ್ತಿದೀರಿ? ನನ್ನ ಮೇಲೆ ಏನು ದ್ವೇಷ?"

"ನಿಮ್ಮ ಮೇಲೆ ಯಾಕೆ ಸರ್ ದ್ವೇಷ?"

"ಮತ್ತೆ?"

"ಅದು ತಲುಪೋ ದಾರಿ" ಎಂದು ಆಕೆ ಬಾಟಲಿಗಳ ಕಡೆ ತಿರುಗಿದಳು. ಲೆಕ್ಕ ತಪ್ಪಿತೆಂದು ಕಾಣುತ್ತದೆ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು.

ಮರುದಿನ ನಕ್ಷೆಗಳು ಬೀಸಣಿಗೆಗಳಾದವು. ಸೆಖೆಗೆ ಅದಕ್ಕಿಂತ ಒಳ್ಳೆಯ ಬಳಕೆ ಯಾರಿಗೂ ಹೊಳೆಯಲಿಲ್ಲ. ಸೂಟ್‌ಕೇಸು ಎಳೆಯುತ್ತ, ಅಪ್ಪ ಅಮ್ಮಂದಿರನ್ನು ಹಿಂದಿಟ್ಟುಕೊಂಡು ಬಂದ ಹುಡುಗ ಹುಡುಗಿಯರು ಗೇಟಿನಲ್ಲಿ ಒಂದು ಕ್ಷಣ ನಿಂತು, ನೆಲ ನೋಡಿ, ಇರುವೆಗಳಂತೆ ಸಾಲಾಗಿ ಬಿಳಿ ಗೆರೆಯ ಮೇಲೆ ನಡೆದುಹೋದರು. ಎದುರಿನ ರಸ್ತೆ ಬಿಕೋ ಎನ್ನುತ್ತಿತ್ತು. ಹೂವಿನ ಕಮಾನಿನ ಕೆಳಗೆ ಗುಲಾಬಿ ಹಿಡಿದು ನಿಂತ ಸ್ವಾಗತ ತಂಡಕ್ಕೆ ಸ್ವಾಗತಿಸಲು ಜನ ಇಲ್ಲ. ಒಳಗೆ ನೋಡಿದರೆ ಸಭಾಂಗಣ ಹಿಂದಿನಿಂದ ತುಂಬಿಹೋಗಿದೆ.

ಅದನ್ನಾದರೂ ಮೇಷ್ಟರು ನುಂಗಿಕೊಳ್ಳುತ್ತಿದ್ದರೇನೋ. ಮುಖ್ಯ ಅತಿಥಿಯ ಕಾರು ಗೇಟಿನ ಹೊರಗೇ ಕೆಟ್ಟು ನಿಂತಿತು. ಮೈಕು ಕೀರಲಿಡುತ್ತಿದ್ದುದರಿಂದ ಮೇಷ್ಟರು ವೇದಿಕೆ ಬಿಡುವಂತಿರಲಿಲ್ಲ. "ಮೇಡಂ, ಬೇಗ ಹೋಗಿ ಕರ್ಕೊಂಡು ಬನ್ನಿ" ಎಂದು ಬಾಣದಕ್ಕನನ್ನು ಕಳಿಸಿದರು. ಕುಲಪತಿಗಳು ಮುಂಬಾಗಿಲಲ್ಲಿ ಹಾರ ಹಿಡಿದು ನಿಂತರು. ನಿಂತೇ ಇದ್ದರು. ಕೊನೆಗೆ ಅತಿಥಿ ಬಂದದ್ದು ಹಿಂದಿನ ಮೆಟ್ಟಿಲಿನಿಂದ. ಕೆಂಪೇರಿದ ಮುಖ, ಕಪ್ಪು ಬೂಟಿನ ತುಂಬ ಸುಣ್ಣ, ತೊಟ್ಟಿಯ ನೀರು ಸಿಡಿದ ಪ್ಯಾಂಟು. ಪಕ್ಕದಲ್ಲಿ ಬಾಣದಕ್ಕ, ಗೆರೆಯಿಂದ ಒಂದಿಷ್ಟೂ ಸರಿಯದೆ.

ಕಾರ್ಯಕ್ರಮ ಮುಗಿದ ಮೇಲೆ ಕುಲಪತಿಗಳು ಮೇಷ್ಟರನ್ನು ಕರೆದು ಉಗಿದರು. ಮೇಷ್ಟರು ಅದನ್ನು ಹಾಗೆಯೇ ತಂದು ಬಾಣದಕ್ಕನ ಮೇಜಿನ ಮೇಲೆ ಸುರಿದರು.

"ಅವರನ್ನಾದರೂ ಸೀದಾ ತರಬಾರದಿತ್ತಾ? ಇದಕ್ಕೆ ಹಠ ಅಂತಾರೆ ಮೇಡಂ. ಬರೀ ಹಠ."

ಆಕೆಯ ಮುಖ ಕೆಂಪಾಯಿತು. ಹಾಜರಿ ಪಟ್ಟಿಯನ್ನು ಮುಂದೆ ತಳ್ಳಿ, "ಒಂದು ಮಗೂನೂ ವಾಪಸ್ ಹೋಗಿಲ್ಲ ಸರ್. ಎಲ್ಲಾ ಬಂದಿದಾವೆ, ನೋಡಿಕೊಂಡೆ" ಎಂದಳು.

ಮುಂದಿನ ವರ್ಷ ಸುಣ್ಣದ ಗೆರೆಯನ್ನು ಕೇಳಿದವರು ಹುಡುಗರೇ. ಹಿರಿಯ ವಿದ್ಯಾರ್ಥಿಗಳಿಗೆ ಹೊಸಬರು ಆ ಗೆರೆಯ ಮೇಲೆ ನಡೆದು ಬರುವುದನ್ನು ನೋಡುವ ಚಟ ಹತ್ತಿತ್ತು. ಮೇಷ್ಟರ ಸಂಚಾಲಕತ್ವ ಮುಗಿದರೂ ಗೆರೆ ಮುಗಿಯಲಿಲ್ಲ. ಸುತ್ತುದಾರಿಗೆ ಕಾರಣಗಳೂ ಹುಟ್ಟಿಕೊಂಡವು. ಕ್ಯಾಂಟೀನಿನವನ ಜೊತೆ ಒಳಒಪ್ಪಂದ ಇದೆ ಎಂದರು ಕೆಲವರು. ಕುಲಪತಿಗಳ ಮೇಲಿನ ಸೇಡು ಎಂದರು ಇನ್ನು ಕೆಲವರು. ಸಾಕ್ಷ್ಯ ಇಲ್ಲದೆ ಏನನ್ನೂ ನಂಬಬೇಡಿ ಎಂದು ತರಗತಿಯಲ್ಲಿ ಹೇಳುವ ಮೇಷ್ಟರು, ಆಕೆಯ ನಿವೃತ್ತಿಯ ದಿನ ತಮ್ಮದೂ ಒಂದು ಸಿದ್ಧಾಂತ ಮಂಡಿಸಿದರು: ನೇರ ರಸ್ತೆ ಸಭಾಂಗಣವನ್ನಷ್ಟೇ ತೋರಿಸುತ್ತದೆ, ಸುತ್ತುದಾರಿ ಅನ್ನ ಬೇಯುವ ಜಾಗ, ಕೈ ಕೆಲಸದ ಜಾಗ, ಪುಸ್ತಕದ ಜಾಗ ಎಲ್ಲವನ್ನೂ ತೋರಿಸುತ್ತದೆ; ಇದು ಆಳವಾಗಿ ಯೋಚಿಸಿ ಹಾಕಿದ ಗೆರೆ. ಚಪ್ಪಾಳೆ ಬಿತ್ತು. "ಹಂಗೇ ಅಂದ್ಕೊಳ್ಳಿ ಸರ್" ಎಂದು ಬಾಣದಕ್ಕ ನಕ್ಕಳು. ಆಮೇಲೆ ಗೆರೆ ಹಿಡಿದು ಹೋಗುವ ಹಾಗೆ ಅದೇ ಹಿಂದಿನ ಮೆಟ್ಟಿಲಿಳಿದು, ಟ್ಯಾಂಕು ವರ್ಕ್‌ಶಾಪು ಸುತ್ತಿ, ಮರದಡಿ ಕಾಯುತ್ತಿದ್ದ ಸ್ಕೂಟರಿನ ಕಡೆ ನಡೆದಳು.

ನಿವೃತ್ತಿಯಾದ ಎರಡನೆಯ ವರ್ಷ ಆಕೆ ಎದೆನೋವಿನಿಂದ ತೀರಿಕೊಂಡಳು. ಮೇಷ್ಟರು ಮಾತಾಡಿಸಲು ಹೋದಾಗ ಗಂಡ ಮನೆಯಲ್ಲಿ ಒಬ್ಬನೇ ಇದ್ದ. ಚಹಾ ಕೊಟ್ಟ. ಮಾತು ಅದೂ ಇದೂ ಆಗಿ ಮೊದಲ ಸಲ ಸುಣ್ಣದ ಗೆರೆ ಹಾಕಿದ ಸ್ವಾಗತ ದಿನಕ್ಕೆ ಬಂತು. ಈಗಲೂ ಗೆರೆ ಹಾಕುತ್ತಾರೆ ಎಂದು ಮೇಷ್ಟರು ಹೇಳಿದರು. ಅಕ್ಕನ ಹಠ ಅಂಥದ್ದು ಎಂದೂ ಸೇರಿಸಿದರು, ಪ್ರೀತಿಯಿಂದಲೇ.

"ಹಠ ಎಲ್ಲಿಂದ ಬಂತು ಸರ್" ಎಂದ ಗಂಡ. "ಅವಳಿಗೆ ದಾರಿ ತಿಳೀತಿರಲಿಲ್ಲ. ಚಿಕ್ಕಂದಿನಿಂದ ಹಾಗೇ. ನಮ್ಮ ಬೀದಿ ತುದಿಯ ಅಂಗಡಿಗೆ ಹೋದರೂ ವಾಪಸ್ ಬರೋಕೆ ನಾನು ಬೇಕಿತ್ತು. ನಿಮಗೆಲ್ಲ ಗೊತ್ತು ಅಂದ್ಕೊಂಡಿದ್ದೆ."

ಮೇಷ್ಟರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಮೊದಲ ಸಭೆಯ ಬಾಗಿಲಿನ ಪ್ರಶ್ನೆ ನೆನಪಾಯಿತು. ಆದರೂ ಒಂದು ಕೊಂಡಿ ಸಿಗಲಿಲ್ಲ. "ಒಂದೇ ದಾರಿ ಕಲಿಯೋದಾದರೆ ಸೀದಾ ಇರೋದನ್ನೇ ಕಲೀಬಹುದಿತ್ತಲ್ಲ? ಆ ಸುತ್ತು ಯಾಕೆ?"

"ಅದು ನಾನು ತೋರಿಸಿಕೊಟ್ಟ ದಾರಿ. ಅವಳು ಕೆಲಸಕ್ಕೆ ಸೇರಿದಾಗ ಗೇಟಿಂದ ಸೀದಾ ಹೋಗೋಕೆ ಆಗ್ತಿರಲಿಲ್ಲ. ನೀರಿನ ಪೈಪು ಹಾಕೋಕೆ ಅಂತ ರಸ್ತೆ ಪೂರ್ತಿ ಅಗೆದಿದ್ರು. ಅದಕ್ಕೆ ಕ್ಯಾಂಟೀನ್ ಹಿಂದಿಂದ ಸುತ್ತಿಸಿ ಒಂದು ವಾರ ದಿನಾ ಜೊತೆಗೆ ನಡೆದೆ. ತೊಟ್ಟಿ, ಬೆಂಚು, ಟ್ಯಾಂಕು ಅಂತ ಅವಳು ಬಾಯಿಪಾಠ ಮಾಡ್ಕೊಂಡಳು." ಗಂಡ ಖಾಲಿ ಲೋಟ ತೆಗೆದುಕೊಳ್ಳಲು ಕೈ ಚಾಚಿದ. "ಎರಡು ತಿಂಗಳಿಗೆ ಆ ಹಳ್ಳ ಮುಚ್ಚಿದ್ರು ಸರ್."