ಒಂದು ಚಹಾ ಮುಗಿಯುವ ತನಕ

"ನನ್ನ ಚಾ ಮುಗಿಯೋ ತನಕ ಅದನ್ನ ಎತ್ತಿ ಹಿಡ್ಕೊಂಡು ನಿಂದ್ರರಿ ಸರ್, ಆಮ್ಯಾಲ ತಗೋರಿ."

ಬೀದರಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಮರ ಉಜ್ಜಿ ನುಣುಪು ಮಾಡುವ ದೊಡ್ಡ ಬೆಲ್ಟ್ ಸ್ಯಾಂಡರ್ ಕೊಳ್ಳಲು ಹೊರಟ ನನ್ನನ್ನು ಹೀಗೆ ತಡೆದವರು ಸಂತಪುರದ ಹಿರಿಯ ಬಡಗಿಯೊಬ್ಬರು. ಅರ್ಧ ಚಹಾಕ್ಕೇ ನನ್ನ ತೋಳು ಸೋತಿತು. ಇನ್ನೊಂದು ಚಹಾ ತರಿಸಿ ಸಣ್ಣ ಮಷೀನು ಹಿಡಿಸಿದರು; ಕೊನೆಯ ಗುಟುಕಿನವರೆಗೂ ಆರಾಮಾಗಿ ನಿಂತೆ. ಅವರು ಕಪ್ಪು ಕೆಳಗಿಡುವಾಗ ಬಲಗೈ ನಡುಗುತ್ತಿತ್ತು.

"ಬರ ಬಿದ್ದಾಗ ಪುಣಾಕ ಹೋಗಿ, ಹತ್ತು ವರ್ಷ ದೊಡ್ಡ ಮಷೀನ್ ಹಿಡಿದ ಕೈ ರೀ ಇದು. ಮನಿ ಕೆಲಸಕ್ಕ ನಿಮಗ್ಯಾಕ ಅದು?"

ಸಣ್ಣದನ್ನೇ ತಂದೆ. ಭಾಲ್ಕಿಯ ನಮ್ಮ ಮನೆಯ ಊಟದ ಮಣೆಗಳೆಲ್ಲ ಈಗ ನುಣುಪಾಗಿವೆ. ಪ್ರತಿ ಸಲ ಮಷೀನು ನಿಲ್ಲಿಸಿ, ಬಲಗೈ ಚಾಚಿ ನೋಡಿಕೊಳ್ಳುತ್ತೇನೆ. ನಡುಗುವುದಿಲ್ಲ.